ನೋವಿನ ಹದ್ದುಬಸ್ತು

ಹೊಟ್ಟೆನೋವು ಎಂದವನನ್ನು ಏನು ತಿಂದೆ ಎಂದು ಕೇಳುತ್ತಾರೆ. ಮಂಡಿನೋವು ಎಂದವನನ್ನು ವಯಸ್ಸೆಷ್ಟಾಯಿತು ಎಂದು ಕೇಳುತ್ತಾರೆ. ವೃಷಣದಲ್ಲಿ ನೋವು ಎಂದವನನ್ನು ಮಾತ್ರ, ಬಾಯಿಬಿಟ್ಟು ಕೇಳದಿದ್ದರೂ ಕಣ್ಣಿನಲ್ಲೇ, ಏನು ಮಾಡಿಕೊಂಡೆ ಎಂದು ಕೇಳುತ್ತಾರೆ. ಅದಕ್ಕೇ ನಾನು ಬಹಳ ಕಾಲ ಸೊಂಟನೋವು ಎಂದೇ ಹೇಳಿಕೊಂಡು ತಿರುಗಿದೆ. ನೆಂಟರು ಸೊಂಟಕ್ಕೆಂದು ಎಣ್ಣೆ ತಂದುಕೊಟ್ಟರು. ಹಚ್ಚಿಸಿಕೊಂಡೆ. ಸೊಂಟಕ್ಕೆ ಒಳ್ಳೆಯದೇ ಆಯಿತು.

ನಾನು ಭೂಮಾಪನ ಇಲಾಖೆಯಲ್ಲಿ ಸರ್ವೆಯರ್ ಆಗಿದ್ದವನು. ಸಾಗರ, ಹೊಸನಗರ, ಸೊರಬದ ಕಡೆ ಬಾಂದುಕಲ್ಲು ಹುಡುಕುತ್ತಾ ಕಾಡು ಗದ್ದೆ ಅಲೆದಿದ್ದೇನೆ. ನಿವೃತ್ತಿಯ ಹೊತ್ತಿಗೆ ಬಲತೊಡೆಸಂದಿನಲ್ಲಿ ಹರ್ನಿಯಾ ಕಾಣಿಸಿಕೊಂಡು ಆಪರೇಷನ್ ಆಯಿತು, ಒಳಗೆ ಜಾಲರಿ ಇಟ್ಟು ಹೊಲಿದರು. ಗಾಯ ಚೆನ್ನಾಗಿ ಮಾಯಿತು. ಆಮೇಲೆ, ಎಲ್ಲ ಮುಗಿಯಿತು ಎಂದುಕೊಂಡಿದ್ದಾಗ, ಬಲಗಡೆಯ ವೃಷಣದಲ್ಲಿ ನೋವು ಶುರುವಾಯಿತು. ಬೆಳಗ್ಗೆ ಸಣ್ಣಗೆ ಎಳೆದ ಹಾಗೆ, ಸಂಜೆ ಹೊತ್ತಿಗೆ ಹಿಂಡಿದ ಹಾಗೆ, ನಡುವೆ ಒಮ್ಮೊಮ್ಮೆ ತೊಡೆಯ ಒಳಮಗ್ಗುಲಿನ ತನಕ ಚುರ್ ಎಂದು ಓಡುವುದು. ಬಸ್ಸಿನಲ್ಲಿ ಕೂತರೆ ಜಾಸ್ತಿ. ಮಲಗಿದರೆ ಕಮ್ಮಿ. ಬೈಕ್ ಮೇಲೆ ಓರೆಯಾಗಿ ಕೂರುವುದನ್ನು ಕಲಿತೆ. ಮದುವೆಮನೆಯಲ್ಲಿ ಪಂಕ್ತಿಗೆ ನೆಲದ ಮೇಲೆ ಕೂರುವುದನ್ನು ಬಿಟ್ಟೆ.

ಇಂಥ ನೋವು ಮೂರು ತಿಂಗಳಿಗಿಂತ ಹೆಚ್ಚು ಉಳಿದರೆ ಅದನ್ನು ದೀರ್ಘಕಾಲದ ವೃಷಣನೋವು ಎಂದು ವೈದ್ಯರು ಬೇರೆಯಾಗಿಯೇ ಎಣಿಸುತ್ತಾರೆ. ನನಗೆ ಇದು ಗೊತ್ತಾದದ್ದು ತಡವಾಗಿ. ಮೊದಲು ತೋರಿಸಿದಲ್ಲಿ ಸ್ಕ್ಯಾನ್ ಮಾಡಿ, ರಿಪೋರ್ಟಿನ ಕಡೆ ನೋಡುತ್ತಲೇ, "ಎಲ್ಲಾ ನಾರ್ಮಲ್ ಇದೆ, ಟೆನ್ಷನ್ ಮಾಡ್ಕೋಬೇಡಿ" ಎಂದರು. ಟೆನ್ಷನ್ ನನಗೆ ಅಲ್ಲಿಯತನಕ ಇರಲಿಲ್ಲ.

ವೈದ್ಯರು ಕಾರಣವಿಲ್ಲ ಎಂದ ಮೇಲೆ ಕಾರಣ ಕೊಡುವವರಿಗೆ ನಮ್ಮಲ್ಲಿ ಬರವೇ? ಹೆಂಡತಿಯ ಅಣ್ಣ ಒಬ್ಬ ಜೋಯಿಸರಲ್ಲಿಗೆ ಕರೆದುಕೊಂಡು ಹೋದರು. ಕವಡೆ ಮಡಗಿ ಅವರು ಕೇಳಿದ ಮೊದಲ ಮಾತು: "ಕೆಲಸದಲ್ಲಿದ್ದಾಗ ಎಲ್ಲಾದರೂ ಹುತ್ತ ಒಡೆಸಿದ್ದೀರಾ?" ಮಲೆನಾಡಿನಲ್ಲಿ ಸರ್ವೆ ಮಾಡಿದವನನ್ನು ಕೇಳುವ ಪ್ರಶ್ನೆಯೇ ಅದು! ಗೆರೆ ನೆಟ್ಟಗೆ ಹೋಗಬೇಕು, ಅಡ್ಡ ಬಂದ ಪೊದೆ ಸವರಬೇಕು, ಪೊದೆಯೊಳಗೆ ಹುತ್ತ ಇದ್ದೇ ಇರುತ್ತದೆ. ಒಡೆಸಿರಬಹುದು ಎಂದೆ. ಅವರ ಮುಖ ಅರಳಿತು. ಕುಕ್ಕೆಯಲ್ಲಿ ಸರ್ಪಸಂಸ್ಕಾರ ಆಗಬೇಕು ಎಂದರು. ಸಂತಾನ, ಚರ್ಮ, ವೃಷಣ ಎಲ್ಲವೂ ನಾಗನ ಹತೋಟಿಯಲ್ಲಿ ಬರುತ್ತವಂತೆ.

ಮನೆಗೆ ಬಂದ ಮೇಲೆ ನನ್ನ ತಲೆ ತಾನೇ ಕೆಲಸ ಶುರುಮಾಡಿತು. ಹುತ್ತವೇ ಯಾಕೆ? ಅಣ್ಣತಮ್ಮಂದಿರ ಪಾಲಿನ ಜಗಳದಲ್ಲಿ ನಾನು ಹದ್ದುಬಸ್ತು ಮಾಡಿಕೊಟ್ಟಾಗ, ಇದ್ದ ಒಂದು ಮಾವಿನಮರವೂ ಆಚೆಗೆ ಹೋಯಿತೆಂದು ಒಬ್ಬ ಮುದುಕಿ ಹಿಡಿಮಣ್ಣು ತೂರಿ ಶಾಪ ಹಾಕಿದ್ದಳು. ಅಳತೆ ಸರಿಯಾಗಿಯೇ ಇತ್ತು. ಮೂವತ್ತಮೂರು ಅಡಿಯ ಚೈನು, ಅದರ ಹದಿನಾರು ಆಣೆ, ಯಾವುದರಲ್ಲೂ ತಪ್ಪಿರಲಿಲ್ಲ. ಆದರೂ ರಾತ್ರಿ ನೋವು ಚುರ್ ಎಂದಾಗ ನೆನಪಿಗೆ ಬರುತ್ತಿದ್ದದ್ದು ಆ ಮುದುಕಿಯ ಕೈ. ಅದೂ ಅಲ್ಲವಾದರೆ ಹದಿಹರೆಯದ ದಿನಗಳಿದ್ದವು. ಅವುಗಳಲ್ಲಿ ಯಾವ ಗಂಡಸಿಗೆ ತಾನೆ ಒಂದು ಪಾಪ ಸಿಗುವುದಿಲ್ಲ!

ನನ್ನ ತಕರಾರು ಇರುವುದು ಇಲ್ಲಿಯೇ. ಕರ್ಮವನ್ನು ನಾನು ಅಲ್ಲಗಳೆಯುವವನಲ್ಲ. ಮಾಡಿದ್ದು ಎಲ್ಲೋ ಒಂದು ಕಡೆ ಉಳಿದಿರುತ್ತದೆ ಎಂಬ ನಂಬಿಕೆಯಲ್ಲೇ ಬೆಳೆದವನು, ಈಗಲೂ ಆ ನಂಬಿಕೆ ಪೂರ್ತಿ ಹೋಗಿಲ್ಲ. ಆದರೆ ಯಾರ ಬದುಕಿನಲ್ಲಿ ಹುಡುಕಿದರೂ ಸಿಕ್ಕೇ ಸಿಗುವ ಕಾರಣ, ಈ ನೋವಿಗೆ ಕಾರಣ ಹೇಗಾದೀತು? ಹುತ್ತ ಒಡೆದ ಸರ್ವೆಯರುಗಳೆಲ್ಲ ನನ್ನ ಹಾಗೆ ಓರೆಯಾಗಿ ಕೂತು ಬೈಕ್ ಓಡಿಸುತ್ತಿಲ್ಲ. ಹುತ್ತ ಮುಟ್ಟದೇ ಇರುವ ಬ್ಯಾಂಕ್ ಗುಮಾಸ್ತರಿಗೂ ಈ ನೋವು ಬರುತ್ತದೆ.

ಈ ಅಂಗದ ನೋವಿಗೂ ಪಾಪಕ್ಕೂ ಗಂಟುಹಾಕಿದ್ದು ಇವತ್ತು ನಿನ್ನೆಯಲ್ಲ. ವಾಲ್ಮೀಕಿ ರಾಮಾಯಣದ ಬಾಲಕಾಂಡದಲ್ಲಿ ಅಹಲ್ಯೆಯ ಪ್ರಸಂಗವಿದೆಯಲ್ಲ, ಅಲ್ಲಿ ಗೌತಮನ ಶಾಪದಿಂದ ಇಂದ್ರನ ವೃಷಣಗಳೇ ಕಳಚಿ ಬೀಳುತ್ತವೆ. ನಾನು ಕೇಳಿದ ಹರಿಕಥೆಗಳಲ್ಲಿ ಈ ಭಾಗ ಬರಲಿಲ್ಲ. ಮೈಯೆಲ್ಲ ಕಣ್ಣಾದ ಕಥೆಯನ್ನೇ ಹೇಳುತ್ತಿದ್ದರು. ಹೆಂಗಸರು ಮಕ್ಕಳು ಕೂತ ಸಭೆಯಲ್ಲಿ ದಾಸರಾದರೂ ಏನು ಮಾಡಿಯಾರು! ಆದರೆ ವಾಲ್ಮೀಕಿ ಹೇಳುವ ಮುಂದಿನ ಭಾಗ ನನಗೆ ಬಹಳ ಹಿಡಿಸುತ್ತದೆ. ಇಂದ್ರ ನಾಚಿಕೆಪಟ್ಟು ಮೂಲೆ ಸೇರುವುದಿಲ್ಲ. ಅಗ್ನಿಯನ್ನು ಮುಂದಿಟ್ಟುಕೊಂಡ ದೇವತೆಗಳ ಹತ್ತಿರ ಹೋಗಿ, ಋಷಿಯ ತಪಸ್ಸು ಕೆಡಿಸಿ ನಿಮ್ಮ ಕೆಲಸವನ್ನೇ ಮಾಡಿದೆ, ಈಗ ನನಗೊಂದು ದಾರಿ ಮಾಡಿ ಎನ್ನುತ್ತಾನೆ. ಪಿತೃದೇವತೆಗಳು ಟಗರಿನ ವೃಷಣ ತೆಗೆದು ಅವನಿಗೆ ಜೋಡಿಸುತ್ತಾರೆ. ಅವನು ಮಾಡಿದ್ದು ತಪ್ಪೇ, ಅದರಲ್ಲಿ ಎರಡು ಮಾತಿಲ್ಲ. ಅಷ್ಟು ದೊಡ್ಡ ತಪ್ಪು ಎದ್ದು ಕಾಣುತ್ತಿದ್ದರೂ ಚಿಕಿತ್ಸೆ ನಿಲ್ಲಲಿಲ್ಲ. ತಪ್ಪೇ ಗೊತ್ತಿಲ್ಲದ ನಮ್ಮಂಥವರ ಚಿಕಿತ್ಸೆ ಯಾಕೆ ನಿಲ್ಲಬೇಕು?

ಇದನ್ನೆಲ್ಲ ಓದುತ್ತಾ ಹೋದಾಗ ಸಿಕ್ಕವನು ಸೀವಕ. ಮೋಲಿಯ ಸೀವಕ ಎಂಬ ಪರಿವ್ರಾಜಕ ರಾಜಗೃಹದ ವೇಣುವನದಲ್ಲಿ ಬುದ್ಧನನ್ನು ಕಂಡ ಸಂಗತಿ ಸಂಯುತ್ತ ನಿಕಾಯದ ವೇದನೆಗಳ ಭಾಗದಲ್ಲಿದೆ. ಅವನ ಪ್ರಶ್ನೆ ನನ್ನದೇ. ಮನುಷ್ಯ ಪಡುವ ಸುಖ, ದುಃಖ, ಎರಡೂ ಅಲ್ಲದ್ದು, ಎಲ್ಲವೂ ಹಿಂದೆ ಮಾಡಿದ್ದರ ಫಲ ಎಂದು ಕೆಲವು ಶ್ರಮಣರೂ ಬ್ರಾಹ್ಮಣರೂ ಹೇಳುತ್ತಾರೆ, ನೀವೇನು ಹೇಳುತ್ತೀರಿ?

ಬುದ್ಧ ಕೊಟ್ಟ ಉತ್ತರ ಒಬ್ಬ ಹಳ್ಳಿಯ ಪಂಡಿತ ಕೊಡಬಹುದಾದ ಉತ್ತರ. ಕೆಲವು ನೋವು ಪಿತ್ತದಿಂದ, ಕೆಲವು ಕಫದಿಂದ, ಕೆಲವು ವಾತದಿಂದ, ಕೆಲವು ಇವು ಸೇರಿದ್ದರಿಂದ. ಕೆಲವು ಋತು ಬದಲಾದದ್ದರಿಂದ. ಕೆಲವು ಮೈಯನ್ನು ಸರಿಯಾಗಿ ನೋಡಿಕೊಳ್ಳದ್ದರಿಂದ. ಕೆಲವು ಹೊರಗಿನ ಪೆಟ್ಟಿನಿಂದ. ಕೊನೆಗೆ ಕೆಲವು ಕರ್ಮದ ಫಲದಿಂದ. ಎಂಟರಲ್ಲಿ ಕರ್ಮಕ್ಕೆ ಒಂದು ಪಾಲು, ಅದೂ ಕೊನೆಯದು. ಈ ಎಂಟಕ್ಕೂ ಅವನು ಒಡ್ಡುವ ಪರೀಕ್ಷೆಯೂ ಸರಳ: ಇದು ನಿನಗೇ ಗೊತ್ತಾಗುತ್ತದೆ, ಲೋಕವೂ ಇದನ್ನು ಒಪ್ಪುತ್ತದೆ. ಎಲ್ಲವೂ ಹಿಂದಿನ ಕರ್ಮ ಎನ್ನುವವರು ತಮಗೆ ಗೊತ್ತಿರುವುದನ್ನೂ ದಾಟುತ್ತಾರೆ, ಲೋಕ ಒಪ್ಪಿದ್ದನ್ನೂ ದಾಟುತ್ತಾರೆ, ಆದ್ದರಿಂದ ಅವರು ಹೇಳುವುದು ತಪ್ಪು. ಇಷ್ಟೇ. ಕರ್ಮವನ್ನು ನಿರಾಕರಿಸಲಿಲ್ಲ, ಅದರ ಎಲ್ಲೆಯನ್ನು ಗುರುತುಮಾಡಿದ. ದುಃಖದ ಮೇಲೆ ಮತ್ತೊಂದು ದುಃಖ ಎಳೆದುಕೊಳ್ಳಬೇಡ ಎಂಬ ಎರಡು ಬಾಣದ ಮಾತನ್ನು ಈಗ ಎಲ್ಲ ಪ್ರವಚನಕಾರರೂ ಹೇಳುತ್ತಾರೆ. ನನಗೆ ಅದಕ್ಕಿಂತ ಬೇಕಾಗಿದ್ದದ್ದು ಮೊದಲ ಬಾಣ ಎಲ್ಲಿಂದ ಬಂತು ಎಂಬ ಈ ತಪಶೀಲು.

ಆಗಲೇ ನಾನು ಸೊಂಟ ಎನ್ನುವುದನ್ನು ಬಿಟ್ಟು ಇರುವ ಜಾಗದ ಹೆಸರು ಹೇಳಿ, ಘಟ್ಟ ಇಳಿದು ಕರಾವಳಿಯ ಒಂದು ದೊಡ್ಡ ಆಸ್ಪತ್ರೆಗೆ ಹೋದದ್ದು. ಅಲ್ಲಿನ ಮೂತ್ರರೋಗ ತಜ್ಞರು ವಯಸ್ಸಿನಲ್ಲಿ ನನ್ನ ಮಗನಷ್ಟಿದ್ದರು. ಚೀಟಿಯ ಹಿಂಬದಿಯಲ್ಲಿ ಚಿತ್ರ ಬರೆದು ವಿವರಿಸಿದರು. ತಾಯಿಯ ಹೊಟ್ಟೆಯಲ್ಲಿದ್ದಾಗ ಗಂಡುಮಗುವಿನ ವೃಷಣ ಹುಟ್ಟುವುದು ಕೆಳಗಲ್ಲ, ಮೇಲೆ, ಮೂತ್ರಪಿಂಡದ ಹತ್ತಿರ. ಹೆರಿಗೆಗೆ ಮುಂಚೆ ಅದು ಹೊಟ್ಟೆಯೊಳಗಿಂದ ಇಳಿದು, ತೊಡೆಸಂದಿನ ಸಣ್ಣ ದಾರಿಯಲ್ಲಿ ಹಾದು ಚೀಲ ಸೇರುತ್ತದೆ. ಇಳಿಯುವಾಗ ತನ್ನ ರಕ್ತನಾಳ, ನರಗಳನ್ನೆಲ್ಲ ಮೇಲಿನಿಂದಲೇ ಎಳೆದುಕೊಂಡು ಬರುತ್ತದೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಸ್ವಾಧೀನದಲ್ಲಿರುವ ಜಾಗ ಕೆಳಗೆ, ಮೂಲ ಪಹಣಿ ಮೂತ್ರಪಿಂಡದ ಪಕ್ಕದ ಸರ್ವೆ ನಂಬರಿನಲ್ಲಿ. ಆದ್ದರಿಂದ ಮೂತ್ರನಾಳದಲ್ಲಿ ಕಲ್ಲು ಸಿಕ್ಕಿಕೊಂಡವನು ವೃಷಣ ಹಿಡಿದುಕೊಂಡು ನರಳುತ್ತಾನೆ. ಬೆನ್ನುಮೂಳೆಯ ತೊಂದರೆ, ತೊಡೆಸಂದಿನ ನರ, ಕುಂಡೆಯ ಬುಡದ ಸ್ನಾಯುಗಳ ಬಿಗಿತ, ಎಲ್ಲದರ ನೋವೂ ಬಂದು ಇಲ್ಲೇ ಹಾಜರಿ ಹಾಕಬಹುದು. ಸ್ಕ್ಯಾನಿನಲ್ಲಿ ವೃಷಣ ನಾರ್ಮಲ್ ಇದ್ದದ್ದು ಸುಳ್ಳಲ್ಲ. ನೋಡಿದ ಜಾಗ ಬೇರೆ, ಅಷ್ಟೇ.

ಎಡಗಡೆ ನೋವು ಬರುವವರದ್ದು ಇನ್ನೊಂದು ಕಥೆ. ಎಡವೃಷಣದ ಅಭಿಧಮನಿ ಮೂತ್ರಪಿಂಡದ ಅಭಿಧಮನಿಗೆ ನೇರ ಅಡ್ಡಲಾಗಿ ಹೋಗಿ ಸೇರುತ್ತದೆ. ಬಲಗಡೆಯದು ದೊಡ್ಡ ಅಭಿಧಮನಿಗೆ ಓರೆಯಾಗಿ ಸರಾಗ ಸೇರುತ್ತದೆ. ಎಡಗಡೆ ರಕ್ತ ಮೇಲೇರಲು ತಿಣುಕಿ, ನಾಳಗಳು ಉಬ್ಬಿ ಹುಳುಗಳ ಗಂಟಿನಂತೆ ಕೈಗೆ ಸಿಗುತ್ತವೆ. ಅದೇ ವೇರಿಕೋಸೀಲ್. ನೂರು ಗಂಡಸರಲ್ಲಿ ಸುಮಾರು ಹದಿನೈದು ಮಂದಿಗೆ ಇದು ಇರುತ್ತದೆ, ಹೆಚ್ಚಿನವರಿಗೆ ನೋವೇ ಇರುವುದಿಲ್ಲ. ಇಲ್ಲಿ ಪಾಪಪುಣ್ಯವನ್ನು ಎಲ್ಲಿ ಹುಡುಕುವುದು? ಕೊಳವೆ ಸೇರಿದ ಕೋನ ಹಾಗಿದೆ.

ಹೊರಗಿನ ಪೆಟ್ಟು ಎಂದು ಬುದ್ಧ ಹೇಳಿದನಲ್ಲ, ಆ ಲೆಕ್ಕಕ್ಕೆ ಸೇರಬೇಕಾದವರು ಸಂತಾನಹರಣ ಚಿಕಿತ್ಸೆ ಮಾಡಿಸಿಕೊಂಡ ಗಂಡಸರಲ್ಲಿ ಕೆಲವರು. ನೂರಕ್ಕೆ ಒಬ್ಬಿಬ್ಬರಿಗೆ ಆಪರೇಷನ್ನಿನ ನಂತರ ವರ್ಷಗಟ್ಟಲೆ ನೋವು ಉಳಿಯುತ್ತದೆ. ಪ್ರಮಾಣ ಸಣ್ಣದು. ಆದರೆ ತುರ್ತು ಪರಿಸ್ಥಿತಿಯ 1976-77ರಲ್ಲಿ ಒಂದೇ ವರ್ಷಕ್ಕೆ ದೇಶದಲ್ಲಿ ಅರವತ್ತು ಲಕ್ಷಕ್ಕೂ ಹೆಚ್ಚು ಗಂಡಸರಿಗೆ ಈ ಆಪರೇಷನ್ ಆಯಿತು. ಸರ್ಕಾರಿ ನೌಕರರಿಗೆ ಇಷ್ಟು ಕೇಸ್ ತರಬೇಕೆಂದು ಗುರಿ ಕೊಟ್ಟಿದ್ದರು. ನನಗಿಂತ ಹಿರಿಯ ನೌಕರರು ಆ ಕಾಲದ ಮಾತು ಬಂದರೆ ದನಿ ತಗ್ಗಿಸುತ್ತಿದ್ದರು. ಅವತ್ತು ಜೀಪು ಹತ್ತಿಸಿಕೊಂಡು ಹೋದ ಕೂಲಿಯವನಿಗೆ ಆಮೇಲೆ ಜೀವಮಾನದ ನೋವು ಅಂಟಿದ್ದರೆ ಅದು ಯಾರ ಕರ್ಮ? ಚರಕಸಂಹಿತೆಯ ವಿಮಾನಸ್ಥಾನದಲ್ಲಿ ಅಗ್ನಿವೇಶ ಇಂಥದೇ ಒಂದು ಪ್ರಶ್ನೆ ಎತ್ತುತ್ತಾನೆ. ಮೈಕಟ್ಟು, ಊಟ, ಬಲ, ವಯಸ್ಸು ಎಲ್ಲ ಬೇರೆ ಬೇರೆ ಇರುವ ಜನ ಒಂದೇ ಕಾಲಕ್ಕೆ ಒಂದೇ ರೋಗದಿಂದ ಹೇಗೆ ಸಾಯುತ್ತಾರೆ? ಆತ್ರೇಯ ಗಾಳಿ, ನೀರು, ನೆಲ, ಕಾಲ ಕೆಟ್ಟಿದ್ದನ್ನು ಹೇಳಿ, ಅದರ ಬೇರನ್ನು ನಾಡಿನ ಮುಖ್ಯಸ್ಥರ ಅಧರ್ಮದವರೆಗೂ ಒಯ್ಯುತ್ತಾನೆ. ರೋಗಿಯ ಹಿಂದಿನ ಜನ್ಮಕ್ಕೆ ಹೋಗುವ ಮೊದಲು ಆಳುವವನ ಈ ಜನ್ಮವನ್ನು ನೋಡು ಎಂದ ಹಾಗೆ. ಅದೇ ಅಧ್ಯಾಯದಲ್ಲಿ ಇನ್ನೊಂದು ಮಾತಿದೆ. ಎಲ್ಲರ ಆಯುಷ್ಯವೂ ಮೊದಲೇ ನಿಗದಿಯಾಗಿದ್ದರೆ ಮಂತ್ರ, ಮದ್ದು, ಹೋಮ ಯಾವುದೂ ಯಾರಿಗೂ ಬೇಕಿರಲಿಲ್ಲ ಎಂಬುದು ಅದರ ತಾತ್ಪರ್ಯ. ವೈದ್ಯನ ಬಾಯಲ್ಲಿ ಬರಬೇಕಾದ ಮಾತು.

ಸುಶ್ರುತನದು ಇನ್ನೂ ಚೆಂದ. ವೃಷಣ ಊದುವ ರೋಗವನ್ನು ಅವನು ಏಳು ಬಗೆ ಮಾಡುತ್ತಾನೆ, ಕರುಳು ಇಳಿದದ್ದನ್ನೂ ನೀರು ತುಂಬಿದ್ದನ್ನೂ ಬೇರೆ ಬೇರೆ ಇಡುತ್ತಾನೆ. ಅದೇ ಅಧ್ಯಾಯದಲ್ಲಿ ಆನೆಕಾಲು ರೋಗದ ಬಗ್ಗೆ ಹೇಳುವಾಗ, ಹಳೆಯ ನೀರು ನಿಂತಿರುವ, ಎಲ್ಲ ಕಾಲದಲ್ಲೂ ತಂಪಾಗಿರುವ ನಾಡುಗಳಲ್ಲಿ ಇದು ಹೆಚ್ಚು ಎನ್ನುತ್ತಾನೆ. ಇದರಲ್ಲಿ ಸೊಳ್ಳೆಯ ಪಾತ್ರ ಅವನಿಗೆ ಗೊತ್ತಿರಲಿಲ್ಲ. ಫೈಲೇರಿಯಾ ಹುಳು ಸೊಳ್ಳೆಯೊಳಗೆ ಬೆಳೆಯುವುದನ್ನು ಪ್ಯಾಟ್ರಿಕ್ ಮ್ಯಾನ್ಸನ್ ಚೀನಾದ ಅಮೋಯ್‌ನಲ್ಲಿ ಕಂಡದ್ದು 1877ರಲ್ಲಿ. ಆ ಹುಳು ವೃಷಣದ ಚೀಲದಲ್ಲಿ ನೀರು ತುಂಬಿಸುತ್ತದೆ, ನೋವನ್ನೂ ಕೊಡುತ್ತದೆ. ನಮ್ಮ ಕರಾವಳಿ, ಕಲಬುರಗಿ, ಬೀದರದ ಕಡೆ ಅದಕ್ಕಾಗಿ ಮನೆಮನೆಗೆ ಮಾತ್ರೆ ಹಂಚಿದರು, ರಾತ್ರಿ ಹೊತ್ತು ರಕ್ತ ತೆಗೆದರು. ಹುಳು ರಕ್ತದಲ್ಲಿ ತಿರುಗಾಡುವುದು ರಾತ್ರಿಯೇ. ಇಷ್ಟು ಗೊತ್ತಾಗುವುದಕ್ಕೆ ಸಾವಿರಾರು ವರ್ಷ ಮುಂಚೆ ಸುಶ್ರುತ ಕಾರಣದ ಬಾಗಿಲ ತನಕ ಬಂದು ನಿಂತಿದ್ದ. ರೋಗಿಯ ನಡತೆಯನ್ನಷ್ಟೇ ನೋಡದೆ ರೋಗಿಯ ಊರಿನ ನೀರನ್ನೂ ನೋಡಿದ್ದರಿಂದ ಅವನಿಗೆ ಅದು ಕಂಡಿತು.

ನನ್ನ ಪ್ರಕರಣ ಇತ್ಯರ್ಥವಾದದ್ದು ಒಂದು ಚುಚ್ಚುಮದ್ದಿನಿಂದ. ತೊಡೆಸಂದಿನಲ್ಲಿ ವೃಷಣಕ್ಕೆ ಇಳಿಯುವ ಬಳ್ಳಿಯ ಸುತ್ತ ಮರಗಟ್ಟಿಸುವ ಔಷಧಿ ಕೊಟ್ಟರು. ನೋವು ನಿಂತರೆ ಈ ದಾರಿಯಲ್ಲೇ ಇದೆ ಎಂದರ್ಥ, ನಿಲ್ಲದಿದ್ದರೆ ಬೆನ್ನಿನ ಕಡೆಯೋ ಬೇರೆ ಕಡೆಯೋ ಹುಡುಕಬೇಕು. ಮರಗಟ್ಟಿದಷ್ಟು ಹೊತ್ತು ನನಗೆ ನೋವಿರಲಿಲ್ಲ. ಆಸ್ಪತ್ರೆಯ ಕ್ಯಾಂಟೀನಿನ ಗಟ್ಟಿ ಕುರ್ಚಿಯಲ್ಲಿ ನೆಟ್ಟಗೆ ಕೂತು ಎರಡು ಬನ್ಸ್ ತಿಂದೆ. ಹರ್ನಿಯಾದ ಜಾಲರಿಯ ಸುತ್ತ ಬೆಳೆದ ಗಾಯದ ಅಂಗಾಂಶದಲ್ಲಿ ನರವೊಂದು ಸಿಕ್ಕಿಕೊಂಡಿದೆ ಎಂದು ತೀರ್ಮಾನಿಸಿದರು. ಹರ್ನಿಯಾ ಆಪರೇಷನ್ ಆದ ಸುಮಾರು ಹತ್ತರಲ್ಲಿ ಒಬ್ಬರಿಗೆ ನೋವು ಹೀಗೆ ಉಳಿಯಬಹುದಂತೆ. ಯಾರೂ ಕೈತಪ್ಪು ಮಾಡಬೇಕೆಂದೇನೂ ಇಲ್ಲ. ನರದ ನೋವಿಗೆ ರಾತ್ರಿ ಒಂದು ಸಣ್ಣ ಮಾತ್ರೆ, ಫಿಸಿಯೋಥೆರಪಿ. ಅದಕ್ಕೂ ಬಗ್ಗದಿದ್ದರೆ ಸೂಕ್ಷ್ಮದರ್ಶಕದ ಕೆಳಗೆ ನರದ ಎಳೆಗಳನ್ನು ಕತ್ತರಿಸುವ ಆಪರೇಷನ್ ಇದೆ. ನಾನು ಅಲ್ಲಿಯ ತನಕ ಹೋಗಿಲ್ಲ. ನೋವು ಅರ್ಧಕ್ಕಿಂತ ಕಮ್ಮಿಯಾಗಿದೆ, ಪೂರ್ತಿ ಹೋಗಿಲ್ಲ.

ಎಲ್ಲರಿಗೂ ನನ್ನ ಹಾಗೆ ಎಲ್ಲೆ ಗೊತ್ತಾಗುವುದಿಲ್ಲ. ಈ ನೋವಿನವರಲ್ಲಿ ಒಂದು ದೊಡ್ಡ ಪಾಲಿಗೆ ಎಷ್ಟು ಹುಡುಕಿದರೂ ಕಾರಣ ಸಿಗುವುದಿಲ್ಲ. ವೃಷಣವನ್ನೇ ತೆಗೆಸಿಕೊಂಡರೂ ಕೆಲವರಿಗೆ ಅದು ಇದ್ದ ಜಾಗದಲ್ಲಿ ನೋವು ಮುಂದುವರಿಯುತ್ತದೆ. ಕಾರಣ ಸಿಗದ ಆ ಖಾಲಿ ಜಾಗಕ್ಕೆ ಎರಡು ಕಡೆಯಿಂದ ಒತ್ತುವರಿಯಾಗುತ್ತದೆ. ಒಂದು ಕಡೆಯಿಂದ ಜೋಯಿಸರು, ನಿನ್ನ ಹಿಂದಿನ ಕರ್ಮ ಎಂದು. ಇನ್ನೊಂದು ಕಡೆಯಿಂದ ಅವಸರದ ಡಾಕ್ಟರು, ನಿನ್ನ ಮನಸ್ಸಿನ ಭ್ರಮೆ ಎಂದು. ಒಬ್ಬರಿಗೊಬ್ಬರು ಆಗದ ಇವರಿಬ್ಬರ ತೀರ್ಪು ಮಾತ್ರ ಒಂದೇ: ತಪ್ಪು ನಿನ್ನಲ್ಲಿದೆ. ಕಾರಣ ಗೊತ್ತಿಲ್ಲ ಎಂದು ಹೇಳುವುದಕ್ಕೆ ಇಬ್ಬರಿಗೂ ಬಾಯಿ ಬರುವುದಿಲ್ಲ. ಆ ಮಾತನ್ನು ನೆಟ್ಟಗೆ ಹೇಳಿ, ಆದರೂ ನೋವು ಕಮ್ಮಿ ಮಾಡಲು ನೋಡೋಣ ಎನ್ನುವ ವೈದ್ಯ ನನ್ನ ಪಾಲಿಗೆ ಧರ್ಮಿಷ್ಠ.

ಕರ್ಮವನ್ನು ಎಲ್ಲರಿಗಿಂತ ಬಿಗಿಯಾಗಿ ಹಿಡಿದವರು ಜೈನರು. ನೋವಿಗೆಂದೇ ಅವರಲ್ಲಿ ಅಸಾತಾವೇದನೀಯ ಎಂಬ ಬೇರೆ ಕರ್ಮವಿದೆ. ಹೊಂಬುಜದ ಕಡೆಯ ನನ್ನ ಹಳೆಯ ಸಹೋದ್ಯೋಗಿಯೊಬ್ಬರನ್ನು, ಹಾಗಾದರೆ ನನ್ನದು ಯಾವುದರ ಫಲ ಎಂದು ಕೇಳಿದೆ. ಅವರು ನಕ್ಕರು. "ಅದು ಕೇವಲಜ್ಞಾನಿಗೆ ಮಾತ್ರ ಗೊತ್ತು ಮಾರಾಯ್ರೆ, ನಿಮ್ಮ ಜೋಯಿಸರಿಗೆ ಹೇಗೆ ಗೊತ್ತಾಯ್ತು?" ಎಂದರು. ನಾಲ್ಕು ದಾನಗಳಲ್ಲಿ ಔಷಧದಾನ ಒಂದು ಎಂಬುದನ್ನೂ ನೆನಪಿಸಿದರು. ಲೋಕದ ನೋವೆಲ್ಲ ಕರ್ಮದ್ದೇ ಎನ್ನುವ ಮತವೇ ನೋವಿರುವವನಿಗೆ ಮದ್ದು ಕೊಡುವುದನ್ನು ಕರ್ತವ್ಯ ಮಾಡಿದೆ. ನೋಯುವವನ ಲೆಕ್ಕ ಬಿಚ್ಚುವ ಅಧಿಕಾರವನ್ನು ಪಕ್ಕದ ಮನೆಯವನಿಗೆ ಕೊಟ್ಟಿಲ್ಲ.

ನನ್ನ ಹೆಂಡತಿ ಸಿಗಂದೂರು ಚೌಡಮ್ಮನಿಗೆ ಹರಕೆ ಹೊತ್ತಿದ್ದಳು. ಆಗಿನ್ನೂ ಶರಾವತಿಗೆ ಸೇತುವೆಯಾಗಿರಲಿಲ್ಲ, ಹಿನ್ನೀರಿನಲ್ಲಿ ಲಾಂಚ್ ಹತ್ತಿ ಹೋಗಬೇಕಿತ್ತು. ತೋಟದ ಬೇಲಿಗಳಲ್ಲಿ ಚೌಡೇಶ್ವರಿಯ ಕಾವಲಿದೆ ಎಂಬ ಬೋರ್ಡುಗಳನ್ನು ಕೆಲಸದ ಕಾಲದಲ್ಲಿ ಬೇಕಾದಷ್ಟು ನೋಡಿದ್ದೆ. ಒತ್ತುವರಿದಾರರು ಇಲಾಖೆಯ ನೋಟಿಸಿಗಿಂತ ಅದಕ್ಕೆ ಹೆಚ್ಚು ಹೆದರುತ್ತಿದ್ದರು! ಹೋಗಿಬಂದೆವು. ಜೋಯಿಸರ ಮನೆಯಿಂದ ಬಂದಾಗ ಆದ ಸಂಕಟ ಅಲ್ಲಿಂದ ಬಂದಾಗ ಆಗಲಿಲ್ಲ. ಆಕೆ ಬೇಡಿಕೊಂಡದ್ದು ಇಷ್ಟೇ, ಇವರಿಗೆ ಗುಣವಾಗಲಿ. ನಾನೇನು ಮಾಡಿದ್ದೆ ಎಂದು ದೇವಿಯನ್ನೂ ಕೇಳಲಿಲ್ಲ, ನನ್ನನ್ನೂ ಕೇಳಲಿಲ್ಲ. ಭಕ್ತಿಗೂ ವಿಚಾರಣೆಗೂ ಇರುವ ಈ ವ್ಯತ್ಯಾಸ ನಮ್ಮ ಮನೆಗಳಲ್ಲಿ ಹೆಂಗಸರಿಗೆ ಗೊತ್ತಿದೆ. ಕುಕ್ಕೆಗೆ ನಾನು ಹೋಗಲಿಲ್ಲ. ಹೋಗುವವರನ್ನು ಬೇಡ ಎನ್ನುವುದೂ ಇಲ್ಲ, ಆಸ್ಪತ್ರೆಯ ಬದಲಿಗೆ ಹೋಗದಿದ್ದರೆ ಸಾಕು.

ಇದನ್ನೆಲ್ಲ ನನ್ನ ವಯಸ್ಸಿನವರಿಗಿಂತ ಹುಡುಗರ ತಂದೆತಾಯಿ ಓದಲಿ ಎಂಬ ಆಸೆ ನನಗೆ. ನಮ್ಮಂಥವರ ನೋವಿಗೆ ವರ್ಷಗಳ ವ್ಯವಧಾನವಿದೆ, ಅವರದಕ್ಕೆ ಇಲ್ಲ. ಹನ್ನೆರಡರಿಂದ ಹದಿನೆಂಟರ ವಯಸ್ಸಿನಲ್ಲಿ ವೃಷಣ ತನ್ನ ಬಳ್ಳಿಯ ಮೇಲೆಯೇ ತಿರುಚಿಕೊಳ್ಳುವುದುಂಟು. ಒಮ್ಮೆಗೇ ತಡೆಯಲಾಗದ ನೋವು, ಹಲವರಿಗೆ ವಾಂತಿ. ನಾಚಿಕೆಯಿಂದ ಹುಡುಗ ಅದನ್ನು ಹೊಟ್ಟೆನೋವು ಎನ್ನುತ್ತಾನೆ, ಕೆಲವೊಮ್ಮೆ ನಿಜವಾಗಿಯೂ ಹೊಟ್ಟೆಯಲ್ಲೇ ನೋವು ಕಾಣುತ್ತದೆ. ಆರು ಗಂಟೆಯೊಳಗೆ ಆಪರೇಷನ್ ಆದರೆ ವೃಷಣ ಉಳಿಯುವ ಸಾಧ್ಯತೆ ಹೆಚ್ಚು, ಒಂದು ದಿನ ಕಳೆದರೆ ಬಹುಪಾಲು ತೆಗೆಯಬೇಕಾಗುತ್ತದೆ. ಏನು ಮಾಡಿಕೊಂಡೆ ಎಂದು ಅವನನ್ನು ಕೇಳಬೇಡಿ. ಎಷ್ಟು ಹೊತ್ತಿಗೆ ಶುರುವಾಯಿತು ಎಂದು ಕೇಳಿ, ಗಡಿಯಾರ ನೋಡಿಕೊಂಡು ಆಸ್ಪತ್ರೆಗೆ ಹೊರಡಿ.